ಹಳದಿ ಎಲೆ ರೋಗ ಮತ್ತು ಆಯವ್ಯಯ
ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳನ್ನು ಕಾಡುತ್ತಿರುವ ಹಳದಿ ಎಲೆ ರೋಗದ ಬಗ್ಗೆ ನೀವು ಕೇಳಿರುತ್ತೀರಿ. ಕೇರಳದಲ್ಲಿ ಇದು 1914ರಲ್ಲೇ ಕಾಣಿಸಿತ್ತು. ಕೋಶಭಿತ್ತಿಯಿಲ್ಲದ ಫೈಟೊಪ್ಲಾಸ್ಮಾ ಇದಕ್ಕೆ ಕಾರಣ. ವಾಸಿಮಾಡುವ ಮದ್ದಿಲ್ಲ, ರೋಗಪೀಡಿತ ತೋಟದಲ್ಲೂ ಹಸಿರಾಗಿ ನಿಂತ ಮರಗಳಿಂದ ನಿರೋಧಕ ತಳಿ ಪಡೆಯಬೇಕು.

2021ರ ರಾಜ್ಯ ಆಯವ್ಯಯವು ಸಂಶೋಧನೆಗೂ ಪರ್ಯಾಯ ಬೆಳೆಗೂ ಸೇರಿಸಿ 25 ಕೋಟಿ ರೂಪಾಯಿ ಘೋಷಿಸಿತು. ಹಾಗೆ ಸೇರಿಸಿದ್ದೇ ತಪ್ಪು. ಪರ್ಯಾಯ ಬೆಳೆಯ ಸಸಿ ಹಂಚಿದರೆ ಲೆಕ್ಕ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ರೋಗ ತಡೆಯುವುದೇ ಎಂದು ತಿಳಿಯಲು ಇನ್ನಷ್ಟು. (ಹಸಿರಾಗಿ ಕಂಡದ್ದೆಲ್ಲ ನಿರೋಧಕವೂ ಅಲ್ಲ.) ಕಾಸರಗೋಡು, ವಿಟ್ಲದ ಕೇಂದ್ರೀಯ ಸಂಸ್ಥೆಯೂ ಶಿವಮೊಗ್ಗದ ರಾಜ್ಯ ಕೃಷಿ ವಿಶ್ವವಿದ್ಯಾಲಯವೂ ಈ ಮರಗಳನ್ನು ಒಂದೇ ವಿಧಾನದಿಂದ ಪರೀಕ್ಷಿಸಿ, ಒಂದೇ ದಾಖಲೆಯಲ್ಲಿ ಬರೆದಿಡಲು ಕನಿಷ್ಠ ಹತ್ತು ವರ್ಷದ ಜಂಟಿ ಅನುದಾನ ಬೇಕು.