ಹೆಸರು ಕೇಳುವವರೆಗೆ ಖಾಲಿಯಿದ್ದ ಕೋಣೆ

ಹಾಸ್ಟೆಲ್ ಸೀಟಿನ ಪಟ್ಟಿ ಹೊರಬಿದ್ದ ಮರುದಿನದಿಂದ ಮೈಸೂರಿನ ಮಾನಸಗಂಗೋತ್ರಿಯ ಸುತ್ತಲಿನ ಬೀದಿಗಳಲ್ಲಿ ಹೊಸ ಮುಖಗಳು ಕಾಣಿಸತೊಡಗುತ್ತವೆ. ಸೀಟು ಸಿಗದ ಹಳ್ಳಿಯ ಮಕ್ಕಳು ಪಡುವಾರಹಳ್ಳಿ, ಜಯಲಕ್ಷ್ಮೀಪುರಂ, ಸರಸ್ವತಿಪುರಂಗಳಲ್ಲಿ ಗೇಟಿಗೆ ತೂಗುಹಾಕಿದ ‘ಬಾಡಿಗೆಗೆ ಇದೆ’ ಫಲಕಗಳನ್ನು ಓದುತ್ತ ಅಲೆಯುತ್ತಾರೆ.

ನಮ್ಮ ಅಕ್ಕನ ಮಗ ಇಲ್ಲಿ ಎಂ.ಎ.ಗೆ ಸೇರಿದಾಗ ನಾವೂ ಅವನೊಂದಿಗೆ ನಾಲ್ಕು ದಿನ ಅಲೆದೆವು. ಒಂದು ಮನೆಯ ಯಜಮಾನರು ಬಹಳ ಸೌಜನ್ಯದವರು. ಮಹಡಿಯ ಕೋಣೆ ತೋರಿಸಿದರು, ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದರು, ಅಡ್ವಾನ್ಸ್ ಎಷ್ಟೆಂದೂ ಹೇಳಿದರು. ಮೆಟ್ಟಿಲಿಳಿಯುವಾಗ, ‘ಹೆಸರೇನಪ್ಪ?’ ಎಂದರು. ಹುಡುಗ ಹೇಳಿದ. ‘ಮನೆಯವ್ರನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಿ’ ಎಂದರು. ನಮ್ಮ ನಂಬರನ್ನು ಮಾತ್ರ ಕೇಳಲಿಲ್ಲ. ಬೀದಿಗೆ ಬಂದ ಮೇಲೆ ಹುಡುಗ ನಗುತ್ತ, ‘ಮಾಮೂ, ಮುಂದಿನ ಮನೇಲಿ ಹೆಸರು ಮೊದಲೇ ಹೇಳಿಬಿಡೋಣ, ಮಹಡಿ ಹತ್ತೋದಾದ್ರೂ ತಪ್ಪುತ್ತೆ’ ಎಂದ. ಮನೆ ಸಿಗದ್ದಕ್ಕಿಂತ ಅವನ ಆ ನಗುವೇ ನಮ್ಮನ್ನು ಹೆಚ್ಚು ನೋಯಿಸಿತು.

ಇದು ಒಬ್ಬ ಯಜಮಾನರ ಮಾತಲ್ಲ. ತಮಗೆ ಬೇಕಾದ ಬಡಾವಣೆಯಲ್ಲಿ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಮುಸ್ಲಿಮರಿಗೆ ಕಷ್ಟವಾಗಿರುವುದನ್ನು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿತ್ತು. ದೆಹಲಿ ಮತ್ತು ಅದರ ಸುತ್ತಲಿನ ನಗರಗಳನ್ನು ಕುರಿತು ಸುಖದೇವ್ ಥೋರಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಮೇಲ್ಜಾತಿಯ ಹೆಸರಿಗೆ ಸಿಕ್ಕ ಒಪ್ಪಿಗೆ ದಲಿತ ಹೆಸರಿಗೆ ಸಿಗಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಭೇದ ಮಾಡಬಾರದೆನ್ನುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮವರಿಗಷ್ಟೇ ಸೀಮಿತಗೊಳಿಸುವ ಸಂಘದ ನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಹೀಗಾಗಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಯಾವ ಅಳುಕೂ ಇಲ್ಲದೆ ತೂಗುತ್ತಿದೆ.

ಕೊನೆಗೆ ಹುಡುಗನಿಗೆ ಕೋಣೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಯ ಉದಯಗಿರಿಯಲ್ಲಿ. ದಿನಕ್ಕೆ ಎರಡೆರಡು ಬಸ್ಸು. ಪಾಠಗಳು ಅವನಿಗೆ ತಪ್ಪಲಿಲ್ಲ. ತಪ್ಪಿದ್ದು ಸಂಜೆಯ ಗ್ರಂಥಾಲಯ, ಕಲಾಮಂದಿರದ ಕಾರ್ಯಕ್ರಮ, ಗೆಳೆಯರ ಕೋಣೆಯಲ್ಲಿ ನಡುರಾತ್ರಿಯವರೆಗಿನ ಜಗಳ. ವಿಶ್ವವಿದ್ಯಾಲಯವೆಂದರೆ ಅರ್ಧ ಅದೇ ಅಲ್ಲವೇ? ಇರುವ ಜಾಗವೂ ಶಿಕ್ಷಣದ ಭಾಗವೆಂಬುದನ್ನು ಹಾಸ್ಟೆಲಿನ ದಿನಗಳನ್ನು ಬರೆದ ಸಿದ್ಧಲಿಂಗಯ್ಯನವರ ‘ಊರುಕೇರಿ’ ನಮಗೆ ಕಾಣಿಸಿತ್ತು. ನಾವು ಕತೆಗಾರರು ಸೌಹಾರ್ದವೆಂದರೆ ಉರುಸು, ಮೊಹರಂ, ಹಬ್ಬದ ಸುರ್‌ಕುಂಬಾ ಎಂದೇ ಬರೆಯುತ್ತ ಬಂದೆವು. ಹಬ್ಬದ ದಿನ ತೆರೆದ ಬಾಗಿಲನ್ನು ಕೊಂಡಾಡಿದೆವು. ತಿಂಗಳ ಬಾಡಿಗೆಗೆ ತೆರೆಯದ ಬಾಗಿಲು ನಮ್ಮ ಕತೆಗಳೊಳಗೆ ಬರಲಿಲ್ಲ.

ನಮ್ಮ ಮೊಹಲ್ಲಾಗಳ ಬಾಗಿಲಾದರೂ ತೆರೆದಿದೆಯೇ? ಒಂಟಿ ಹುಡುಗಿ ಬಂದರೆ ‘ಜೊತೆಗೆ ಯಾರಿದ್ದಾರೆ?’ ಎಂದು ಕೇಳುತ್ತೇವೆ. ನಮ್ಮವರೇ ಬಂದರೂ ಯಾವ ಜಮಾಅತ್ ಎಂದು ವಿಚಾರಿಸುವವರಿದ್ದಾರೆ. ಹೋದ ವರ್ಷ ನಮ್ಮ ಮಾವನವರ ಮಹಡಿಯ ಕೋಣೆ ಕೇಳಿಕೊಂಡು ಚಾಮರಾಜನಗರದ ಕಡೆಯ ದಲಿತ ವಿದ್ಯಾರ್ಥಿಯೊಬ್ಬ ಬಂದಿದ್ದ. ‘ಮನೇಲಿ ಕೇಳಿ ಹೇಳ್ತೀವಿ’ ಎಂದು ಕಳಿಸಿದೆವು. ಕೇಳಲೂ ಇಲ್ಲ, ಹೇಳಲೂ ಇಲ್ಲ. ಆ ಮಾತು ಎಲ್ಲಿಂದ ಕಲಿತದ್ದೆಂದು ಆಮೇಲೆ ನೆನಪಾಗಿ ನಾಚಿಕೆಯಾಯಿತು. ಎಲ್ಲರೂ ನಮ್ಮನ್ನು ದೂರವಿಟ್ಟರೆಂದು ದೂರುವ ನಾವು, ನಮ್ಮ ಕೈಗೆ ಬೀಗದ ಕೈ ಬಂದಾಗ ಮಾಡಿದ್ದೇನು?

ಪ್ರತ್ಯೇಕ ಸಮುದಾಯ ಹಾಸ್ಟೆಲುಗಳು ಬೇಕು, ನಿಜ. ಆದರೆ ಅವಷ್ಟೇ ಉತ್ತರವಾದರೆ ಊರು ಎಳೆದ ಗೆರೆಯನ್ನು ನಾವೇ ಪೂರ್ತಿಗೊಳಿಸಿದಂತೆ. ಸರ್ಕಾರ ಎಲ್ಲರೂ ಒಟ್ಟಿಗಿರುವ ಹಾಸ್ಟೆಲುಗಳ ಸೀಟು ಹೆಚ್ಚಿಸಲಿ. ಹೆಸರು, ಜಾತಿ ಕೇಳದೆ ಕೋಣೆ ಕೊಡುವ ಮನೆಗಳ ಪಟ್ಟಿಯನ್ನು ವಿಶ್ವವಿದ್ಯಾಲಯ ಇಟ್ಟುಕೊಳ್ಳಲಿ. ಮಸೀದಿ ಕಮಿಟಿಗಳೂ ತಮ್ಮ ಮೊಹಲ್ಲಾದಲ್ಲಿ ಅಂಥ ಮನೆಗಳನ್ನು ಹುಡುಕಲಿ. ಪಟ್ಟಿಯ ಮೊದಲ ಸಾಲಿಗೆ ನಮ್ಮ ಮಹಡಿಯ ಕೋಣೆಯನ್ನು ಬರೆಸಲು ಮಾವನವರನ್ನು ಒಪ್ಪಿಸುವುದು ನಮ್ಮ ಕೆಲಸ.