ಜಗಲಿಯ ಬೆಳಕಿಗೊಂದು ಪ್ರಿಂಟ್

“ಮೋಡ ಮುಚ್ಚಿದ ದಿನ ತೆಗೆದ್ಯೇನೋ ಇದನ್ನ?” ಎಂದರು ಚಿಕ್ಕಮ್ಮ.

ವಸ್ತಾರೆಯ ಮನೆಯ ಜಗಲಿಯಲ್ಲಿ ಆಗಷ್ಟೇ ನೇತುಹಾಕಿದ್ದ 36×24 ಇಂಚಿನ ಚಿತ್ರ ಅದು. ಕಾಫಿ ಅರಳಿಸುವ ಹೂಮಳೆ ಬಿದ್ದ ಎಂಟನೇ ದಿನ, ಬೆಳಿಗ್ಗೆ ಏಳೂವರೆಗೆ ತೋಟದಲ್ಲಿ ತೆಗೆದದ್ದು. ಸಿಲ್ವರ್ ಓಕ್ ಮರಗಳ ಸಂದಿನಿಂದ ಬಿಸಿಲು ಕೋಲುಕೋಲಾಗಿ ಇಳಿದು ರೋಬಸ್ಟಾ ಗಿಡಗಳ ಮೇಲೆ ಬಿದ್ದಿತ್ತು. ರೆಂಬೆಯ ಗೆಣ್ಣುಗೆಣ್ಣಿಗೂ ಬಿಳಿ ಹೂವಿನ ಗೊಂಚಲು, ಅದರ ಹಿಂದೆ ನೆರಳಿನ ದಟ್ಟ ಹಸಿರು. ಚಿಕ್ಕಮಗಳೂರಿನಲ್ಲಿ ಪ್ರಿಂಟ್ ತೆಗೆದ ದಿನ ಅಂಗಡಿಯ ಮೇಜಿನ ಮೇಲೆ ಹಾಸಿ ನೋಡಿದಾಗ ನೆರಳಿನೊಳಗಿನ ಒಂದೊಂದು ಎಲೆಯೂ ಎಣಿಸುವಂತಿತ್ತು. ಜಗಲಿಗೆ ಬರುವಷ್ಟರಲ್ಲಿ ಎಲೆಗಳೆಲ್ಲ ಸೇರಿ ಒಂದೇ ಕಪ್ಪು ಮುದ್ದೆಯಾಗಿದ್ದವು. ಹೂ ಮಾತ್ರ ಅಲ್ಲಲ್ಲಿ ಬಿಳಿ ಚುಕ್ಕೆಯಂತೆ ಉಳಿದಿತ್ತು. ಚಿಕ್ಕಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಅವರು ಆ ತೋಟವನ್ನು ನಲವತ್ತು ವರ್ಷಗಳಿಂದ ಬೆಳಗಿನ ಬಿಸಿಲಲ್ಲಿ ನೋಡಿದವರು.

ತಪ್ಪಿದ್ದು ಬೆಳಕಿನ ಲೆಕ್ಕ. ಪ್ರಿಂಟ್ ನೋಡಿ ಒಪ್ಪುವುದಕ್ಕೆಂದೇ ಐಎಸ್‌ಒ 3664 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸೂಕ್ಷ್ಮವಾಗಿ ಹೋಲಿಸಿ ನೋಡಲು 2000 ಲಕ್ಸ್, ಸಾಮಾನ್ಯ ಪರಿಶೀಲನೆಗೆ 500 ಲಕ್ಸ್, ಹಗಲಿನ ಬಣ್ಣವನ್ನು ಹೋಲುವ 5000 ಕೆಲ್ವಿನ್ ಬೆಳಕು. ನಮ್ಮ ಮಲೆನಾಡಿನ ಹಂಚಿನ ಮನೆಯನ್ನು ಕಟ್ಟಿದವರಿಗೆ ಮಳೆಯನ್ನು ಹೊರಗಿಡುವುದೇ ಮುಖ್ಯವಾಗಿತ್ತು. ಮಾಡು ತಗ್ಗು, ಕಿಟಕಿ ಚಿಕ್ಕದು, ಒಳಗೆ ಬರುವ ಬೆಳಕೆಲ್ಲ ಅಂಗಳದಿಂದ ಅಡ್ಡಡ್ಡವಾಗಿ ಬರಬೇಕು. ಅಂಗಡಿಯಲ್ಲಿ ಒಪ್ಪಿದ ಪ್ರಿಂಟ್ ಇಲ್ಲಿ ಮಂಕಾಗದೆ ಇನ್ನೇನಾದೀತು? ಅದರ ಮೇಲೆ ಕಂಪ್ಯೂಟರಿನ ಪರದೆಯೂ ಮೋಸ ಮಾಡಿತ್ತು. ಪ್ರಿಂಟಿಗೆ ಹೊಂದಿಸುವ ಮಾನಿಟರಿನ ಹೊಳಪು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇದ್ದರೆ ಸಾಕು. ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸುವ ಹೆಚ್ಚಿನ ಮಾನಿಟರುಗಳು ಅದರ ಎರಡು ಪಟ್ಟಿಗೂ ಮಿಕ್ಕಿ ಉರಿಯುತ್ತಿರುತ್ತವೆ. ಆ ಉರಿಯಲ್ಲಿ ಸರಿಕಂಡ ಚಿತ್ರ ಕಾಗದದಲ್ಲಿ ಕಪ್ಪಿಟ್ಟುಕೊಂಡು ಬರುತ್ತದೆ.

ಹಾಗಾಗಿ ಈಗ ಪೂರ್ತಿ ಪ್ರಿಂಟ್ ಕೊಡುವ ಮೊದಲು ಪಟ್ಟಿಗಳನ್ನು ತೆಗೆಸುತ್ತೇನೆ. ಚಿತ್ರದಲ್ಲಿ ಅತಿ ಕಷ್ಟದ ಜಾಗ ಯಾವುದೋ ಅದನ್ನು ನಾಲ್ಕು ಇಂಚು ಅಗಲಕ್ಕೆ ಕತ್ತರಿಸಿಕೊಳ್ಳುವುದು. ನನ್ನ ಚಿತ್ರದಲ್ಲಿ ಅದು ಬಿಸಿಲು ಬಿದ್ದ ಒಂದು ಗೊಂಚಲು, ಅದರ ಕೆಳಗಿನ ನೆರಳು, ಪಕ್ಕದ ಮರದ ಪಾಚಿ ಹಿಡಿದ ತೊಗಟೆ. ಅದೇ ತುಂಡನ್ನು ಐದು ಸಲ, ಅಂತಿಮ ಅಳತೆಯಲ್ಲೇ, ಅದೇ ಕಾಗದದ ಮೇಲೆ ಪ್ರಿಂಟ್ ಮಾಡಿಸಿದೆ. ಪ್ರತಿ ಸಲವೂ ಹೊಳಪು ತಿದ್ದುವ ಕರ್ವ್‌ನಲ್ಲಿ ನಡುವಣ ಛಾಯೆಗಳನ್ನು ಒಂದೊಂದು ಹೆಜ್ಜೆ ಮೇಲೆತ್ತಿದೆ, ಹೂವಿನ ಬಿಳಿಯನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಐದನ್ನೂ ಜಗಲಿಯ ಗೋಡೆಗೆ ಪಿನ್ನು ಚುಚ್ಚಿ ಒಂದು ದಿನ ಹಾಗೇ ಬಿಟ್ಟೆ. ಬೆಳಿಗ್ಗೆ ನೋಡಿದೆ, ನಾಲ್ಕು ಗಂಟೆಗೆ ಕಾಫಿ ಕುಡಿಯುತ್ತ ನೋಡಿದೆ, ರಾತ್ರಿ ಬಲ್ಬಿನ ಹಳದಿ ಬೆಳಕಿನಲ್ಲೂ ನೋಡಿದೆ. ಮೊದಲೆರಡು ಪಟ್ಟಿಗಳಲ್ಲಿ ನೆರಳು ಮುಚ್ಚಿಯೇ ಇತ್ತು. ಐದನೆಯದರಲ್ಲಿ ತೋಟದೊಳಗೆ ಹೊಗೆ ತುಂಬಿದ ಹಾಗೆ. ನಾಲ್ಕನೆಯದನ್ನು ನೋಡಿ ಚಿಕ್ಕಮ್ಮ, “ಇದ್ರಲ್ಲಿ ಬಿಸ್ಲು ಬಂತು ನೋಡು” ಎಂದರು. ಅದೇ ಪಟ್ಟಿಯನ್ನು ಅಂಗಡಿಗೆ ಒಯ್ದರೆ ಹುಡುಗನಿಗೆ ಸಮಾಧಾನವಿಲ್ಲ. “ಬಿಳಿಚ್ಕೊಂಡಿದೆಯಲ್ಲ ಸಾರ್, ಇದೇ ಮಾಡ್ಲಾ?” ಇದನ್ನೇ ಮಾಡು ಎಂದೆ.

ಪ್ರಿಂಟರಿನ ಸೆಟ್ಟಿಂಗುಗಳ ಕಿಟಕಿ ತೆರೆದರೆ ಹತ್ತಾರು ಆಯ್ಕೆಗಳು. ನನ್ನ ಮಟ್ಟಿಗೆ ಅವುಗಳಲ್ಲೆಲ್ಲ ದೊಡ್ಡದು ‘ಮೀಡಿಯಾ ಟೈಪ್’, ಅಂದರೆ ಯಾವ ಕಾಗದ ಎಂದು ಯಂತ್ರಕ್ಕೆ ಹೇಳುವುದು. ಎಷ್ಟು ಶಾಯಿ ಸುರಿಯಬೇಕು, ಯಾವ ಕಪ್ಪು ಬಳಸಬೇಕು, ಶಾಯಿ ಚಿಮ್ಮುವ ಹೆಡ್ಡು ಕಾಗದದಿಂದ ಎಷ್ಟು ಎತ್ತರದಲ್ಲಿ ಓಡಬೇಕು, ಇಷ್ಟೂ ಆ ಒಂದು ಸಾಲಿನಿಂದ ತೀರ್ಮಾನವಾಗುತ್ತದೆ. ಕಾಗದವನ್ನಾದರೂ ಗೋಡೆ ನೋಡಿಯೇ ಆರಿಸಬೇಕು. ಮಿರುಗುವ ಕಾಗದದಲ್ಲಿ ಕಪ್ಪು ಆಳವಾಗಿ ಬರುತ್ತದೆ. ಸಾಂದ್ರತೆಯ ಅಳತೆಯಲ್ಲಿ 2.3ರ ಆಸುಪಾಸು. ಹತ್ತಿಯ ಮ್ಯಾಟ್ ಕಾಗದದಲ್ಲಿ 1.6, 1.7 ಬಂದರೆ ಹೆಚ್ಚು. ಅಂಕಿ ನೋಡಿದರೆ ಮಿರುಗಿನದೇ ಮೇಲು. ಆದರೆ ಜಗಲಿಯಲ್ಲಿ ಮಿರುಗಿನ ಪ್ರಿಂಟ್ ಅಂಗಳವನ್ನೇ ತೋರಿಸುತ್ತದೆ. ತುಳಸಿಕಟ್ಟೆ, ಒಣಹಾಕಿದ ಬಟ್ಟೆ, ನಿಲ್ಲಿಸಿದ ಜೀಪು ಎಲ್ಲ ಕಾಣುತ್ತದೆ, ಹೂ ಕಾಣುವುದಿಲ್ಲ. ನಾನು ಆರಿಸಿದ್ದು ಮ್ಯಾಟ್. ಅದಕ್ಕೆ ಮ್ಯಾಟ್ ಬ್ಲ್ಯಾಕ್ ಶಾಯಿಯೇ ಬೇಕು. ಹಳೆಯ ಎಪ್ಸನ್ ಮಾದರಿಗಳಲ್ಲಿ ಫೋಟೊ ಬ್ಲ್ಯಾಕ್, ಮ್ಯಾಟ್ ಬ್ಲ್ಯಾಕ್ ಎರಡಕ್ಕೂ ಹೆಡ್ಡಿನಲ್ಲಿ ಒಂದೇ ದಾರಿ. ಬದಲಿಸಿದಾಗಲೆಲ್ಲ ಕೊಳವೆ ತೊಳೆಯಲು ಒಂದಿಷ್ಟು ಶಾಯಿ ಸುಮ್ಮನೆ ಹೋಗುತ್ತದೆ. ಹಾಗಾಗಿ ಮ್ಯಾಟ್ ಕೆಲಸಗಳನ್ನು ಒಟ್ಟುಮಾಡಿ ಒಂದೇ ದಿನ ಕೊಟ್ಟರೆ ಅಂಗಡಿಯವರಿಗೂ ಅನುಕೂಲ.

ಬಣ್ಣದ ಲೆಕ್ಕವನ್ನು ಒಬ್ಬರೇ ಮಾಡಬೇಕು. ಫೋಟೊಶಾಪ್ ಆ ಕಾಗದಕ್ಕೆ ಬಣ್ಣ ಹೊಂದಿಸುವ ಪ್ರೊಫೈಲ್ ಹಚ್ಚಿ ಕಳಿಸಿದ ಮೇಲೆ ಪ್ರಿಂಟರಿನ ಡ್ರೈವರ್ ಮತ್ತೊಮ್ಮೆ ತನ್ನ ಕೈಚಳಕ ತೋರಿಸಿದರೆ ಚಿತ್ರ ಕೆಡುತ್ತದೆ. ಕಳಸದ ಕಡೆಯ ಅಡಿಕೆ ತೋಟದ ಒಂದು ಚಿತ್ರವನ್ನು ನಾನು ಹೀಗೆಯೇ ಕಳೆದುಕೊಂಡೆ. ಬೇರೊಂದು ಊರಿನ ಅಂಗಡಿಯಲ್ಲಿ ಎರಡೂ ಕಡೆ ‘ಆನ್’ ಇತ್ತು. ಹಸಿರೆಲ್ಲ ಸೊರಗಿ, ಮುಖಗಳು ಕೆಂಪಾಗಿ, ಮಂಜಿಗೆ ಗುಲಾಬಿ ಬಣ್ಣ ಬಂದಿತ್ತು. ಕಾಗದಕ್ಕೆ ದುಡ್ಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ಕೊಡಬೇಕಿದ್ದವರ ಮನೆಯ ಗೃಹಪ್ರವೇಶ ಮುಗಿದೇ ಹೋಯಿತು. ಅಂದಿನಿಂದ ಡ್ರೈವರಿನಲ್ಲಿ ಬಣ್ಣದ ಹೊಂದಾಣಿಕೆ ‘ಆಫ್’ ಆಗಿದೆಯೇ ಎಂದು ಕಣ್ಣಾರೆ ನೋಡದೆ ಬಟನ್ ಒತ್ತಲು ಬಿಡುವುದಿಲ್ಲ. ಉಳಿದಂತೆ, ಶಾಯಿಗೆ ಎಟುಕದ ಬಣ್ಣಗಳನ್ನು ಏನು ಮಾಡಬೇಕೆಂಬ ಆಯ್ಕೆಯಲ್ಲಿ ರಿಲೇಟಿವ್ ಕಲರಿಮೆಟ್ರಿಕ್, ಜೊತೆಗೆ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್. ನಮ್ಮ ತೋಟದ ಚಿತ್ರಗಳಿಗೆ ಬಹುಪಾಲು ಇದೇ ಹೊಂದುತ್ತದೆ. 2022ರಲ್ಲಿ ಚಂದ್ರದ್ರೋಣದ ಸಾಲಿನಲ್ಲಿ ಕುರಿಂಜಿ ಅರಳಿದಾಗ ತೆಗೆದ ಚಿತ್ರಗಳಿಗೆ ಮಾತ್ರ ಪರ್ಸೆಪ್ಚುಯಲ್‌ಗೆ ಹೋಗಬೇಕಾಯಿತು. ಆ ನೀಲಿನೇರಳೆ ಅನೇಕ ಶಾಯಿಗಳ ಕೈಗೆಟುಕುವುದಿಲ್ಲ. ರಿಲೇಟಿವ್ ಮಾಡುವಂತೆ ಎಟುಕದ ಬಣ್ಣಗಳನ್ನೆಲ್ಲ ಅಂಚಿಗೆ ತಂದು ಕತ್ತರಿಸಿದರೆ ಎಸಳಿನ ಮಡಿಕೆಗಳು ಅಳಿಸಿ ಹೂ ಬಣ್ಣದ ಬಿಲ್ಲೆಯಂತಾಗುತ್ತದೆ. ಪರ್ಸೆಪ್ಚುಯಲ್ ಇಡೀ ಚಿತ್ರದ ಬಣ್ಣಗಳನ್ನು ಸ್ವಲ್ಪ ಒತ್ತಿ ಒಳಗೆ ತರುತ್ತದೆ, ಮಡಿಕೆ ಉಳಿಯುತ್ತದೆ. ಎಪ್ಸನ್ನಿನ 12 ಬಣ್ಣದ ಯಂತ್ರಗಳಲ್ಲಿ ಕಿತ್ತಳೆ, ಹಸಿರು, ನೇರಳೆಗೆ ಬೇರೆಬೇರೆ ಶಾಯಿ ಇರುವುದು ಇಂಥ ಹೂಗಳಿಗಾಗಿಯೇ ಎಂದು ನನಗೆ ಅನ್ನಿಸುತ್ತದೆ.

ಡಿಪಿಐ ವಿಚಾರಕ್ಕೆ ಜನ ಬೇಡದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಮೀಟರ್ ದೂರದಿಂದ ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಇಂಚಿಗೆ ಸುಮಾರು 87 ಬಿಂದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಉದ್ದ ಬದಿಯ 6000 ಪಿಕ್ಸೆಲ್ಲುಗಳನ್ನು 36 ಇಂಚಿಗೆ ಹರಡಿದರೆ ಇಂಚಿಗೆ 166 ಸಿಗುತ್ತದೆ. ಯಂತ್ರ ಉದುರಿಸುವ ಶಾಯಿ ಹನಿಗಳ ಡಿಪಿಐ ಬೇರೆ, ಅದಕ್ಕೆ 1440 ಸಾಕು. ಮ್ಯಾಟ್ ಕಾಗದಕ್ಕೆ 2880 ಹಾಕಿದರೆ ಸಮಯ ಹೋಗುತ್ತದೆ, ಕಣ್ಣಿಗೆ ಸಿಗುವುದೇನಿಲ್ಲ. ‘ಹೈಸ್ಪೀಡ್’ ಆಯ್ಕೆಯನ್ನು ‘ಆಫ್’ ಮಾಡಿಸಿ ಹೆಡ್ಡು ಒಂದೇ ದಿಕ್ಕಿನಲ್ಲಿ ಓಡುವಂತೆ ಮಾಡಿ. ಮುಳ್ಳಯ್ಯನಗಿರಿಯ ಮಂಜಿನಂಥ ನುಣುಪು ಛಾಯೆಯಲ್ಲಿ ಅಡ್ಡಗೆರೆ ಬೀಳುವ ಭಯ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ದೊಡ್ಡ ಪ್ರಿಂಟ್ ತೆಗೆಸಲು ನನಗೆ ಮನಸ್ಸಿಲ್ಲ. ಚೆನ್ನಾಗಿ ಒಣಗಿಸಿದ ಕಾಫಿಯೂ ಜುಲೈ ತಿಂಗಳಲ್ಲಿ ಮತ್ತೆ ಶೀತ ಎಳೆದುಕೊಳ್ಳುವುದು ಬೆಳೆಗಾರರಿಗೆ ಗೊತ್ತು. ಹತ್ತಿಯ ಕಾಗದದ ಗುಣವೂ ಅದೇ. ಒಮ್ಮೆ ರೋಲನ್ನು ರಾತ್ರಿಯೆಲ್ಲ ಯಂತ್ರದ ಮೇಲೇ ಬಿಟ್ಟಿದ್ದೆವು. ಬೆಳಿಗ್ಗೆ ಅಂಚು ಹಪ್ಪಳದಂತೆ ಎದ್ದಿತ್ತು. ಹೆಡ್ಡು ತಾಗಿ ಬಿಳಿ ಆಕಾಶಕ್ಕೆ ಕಪ್ಪು ಮಸಿ ಮೆತ್ತಿಕೊಂಡಿತು. ಹೆಡ್ಡಿಗೂ ಕಾಗದಕ್ಕೂ ನಡುವಿನ ಪ್ಲಾಟನ್ ಗ್ಯಾಪ್ ಹೆಚ್ಚಿಸಿದರೆ ತಾಗುವುದು ತಪ್ಪುತ್ತದೆ, ಆದರೆ ಹನಿ ದೂರದಿಂದ ಬೀಳುವುದರಿಂದ ಚಿತ್ರದ ಹರಿತ ಕೊಂಚ ಮೊಂಡಾಗುತ್ತದೆ. ಕೆಲಸ ಮುಗಿದ ಕೂಡಲೇ ರೋಲನ್ನು ಅದರ ಚೀಲಕ್ಕೆ ಸೇರಿಸಿ ಬಾಯಿ ಕಟ್ಟುವುದೇ ಸರಿ.

ಶಾಯಿ ಪಿಗ್ಮೆಂಟಿನದೇ ಆಗಿರಲಿ, ಬೇಗ ಮಾಸುವ ಡೈ ಬೇಡ. ಗ್ರಹಾಂ ನ್ಯಾಶ್ ಎಂಬ ಹಾಡುಗಾರ ಅಮೆರಿಕದಲ್ಲಿ ನ್ಯಾಶ್ ಎಡಿಷನ್ಸ್ ತೆರೆದದ್ದು 1991ರಲ್ಲಿ. ಅಚ್ಚುಮನೆಗಳ ಪ್ರೂಫಿಗೆಂದು ಮಾಡಿದ್ದ ಐರಿಸ್ ಯಂತ್ರದಲ್ಲಿ ಅವರು ಕಲಾಕೃತಿ ಎನ್ನಿಸುವ ಪ್ರಿಂಟುಗಳನ್ನು ತೆಗೆದರು. ಆದರೆ ಆ ಯಂತ್ರದ ಮೊದಮೊದಲ ಡೈ ಶಾಯಿ ಕೆಲವೇ ವರ್ಷಗಳಲ್ಲಿ ಮಾಸುತ್ತಿತ್ತು. ನಮ್ಮ ಕಡೆ ಮಾಸುವುದಕ್ಕಿಂತ ಮೊದಲೇ ಬೂಷ್ಟು ಹಿಡಿಯುತ್ತದೆ. ಕಟ್ಟು ಹಾಕಿಸುವಾಗ ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡಿನ ಅಂತರ ಬೇಕು. ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ಚೂರು ಅಂಟಿಸಿದರೆ ಅದು ಥಂಡಿ ಗೋಡೆಗೆ ತಾಗದೆ ಗಾಳಿ ಆಡುತ್ತದೆ.

ನಾಲ್ಕನೇ ಪಟ್ಟಿಯಂತೆ ತೆಗೆದ ಚಿತ್ರ ಈಗ ಜಗಲಿಯಲ್ಲಿದೆ. ಐದೂ ಪಟ್ಟಿಗಳನ್ನು ಎಸೆಯದೆ, ಹಿಂಬದಿಯಲ್ಲಿ ಕಾಗದ, ಪ್ರೊಫೈಲ್, ಕರ್ವ್, ತಾರೀಕು ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ. ಚಿಕ್ಕಮ್ಮ ನಡುಮನೆಗೂ ಒಂದು ಚಿತ್ರ ಕೇಳಿದ್ದಾರೆ. ಅಲ್ಲಿ ಬೆಳಕು ಬರುವುದು ಮಾಡಿನ ಎರಡು ಗಾಜಿನ ಹಂಚುಗಳಿಂದ, ಅದೂ ನೆತ್ತಿಯಿಂದ ನೇರಕ್ಕೆ. ಬರುವ ವಾರ ಅಲ್ಲಿಗೆ ಮೊದಲಿನಿಂದ ಪಟ್ಟಿ ತೆಗೆಸಬೇಕು.