ನೋವಿಗೆ ಏಳು ಅಂಕ ಕೊಟ್ಟರೆ ಸಾಕೆ?

ಕೆಲವು ತಿಂಗಳ ಹಿಂದೆ ಅರಕಲಗೂಡು ಕಡೆಯ ನನ್ನ ಸೋದರತ್ತೆಯನ್ನು ಒಂದು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಲ್ಲಿ ಗೋಡೆಯ ಮೇಲೆ ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರಗಳ ಸಾಲು, ಕೆಳಗೆ 0ಯಿಂದ 10ರವರೆಗೆ ಅಂಕಿಗಳು. ನೋವು ಎಷ್ಟಿದೆ ತೋರಿಸಿ ಎಂದರು. ‘ಎಷ್ಟು ಅಂತ ಏನು ಹೇಳ್ಲಿ ಸ್ವಾಮಿ? ಅಂಗಾಲು ಉರೀತದೆ. ರಾತ್ರಿ ಹೊತ್ತು ಕರೆಂಟ್ ಹೊಡೆದಂಗಾಯ್ತದೆ. ಮುಟ್ಟಿದ್ರೆ ಮಾತ್ರ ಗೊತ್ತಾಗಕಿಲ್ಲ’ ಎಂದರು ಅತ್ತೆ. ಚೀಟಿಯಲ್ಲಿ ಬರೆದದ್ದು ಇಷ್ಟೇ: ನೋವು, 7.

ಭೌತವಿಜ್ಞಾನ ಕಲಿಸುವವನಿಗೆ ಅಳತೆಯೆಂದರೆ ಪ್ರೀತಿ. ಆದರೂ ಆ 7 ನನ್ನನ್ನು ಕಾಡಿತು. 40 ಡಿಗ್ರಿ ಸೆಲ್ಸಿಯಸ್ ಎಂಬುದು 20 ಡಿಗ್ರಿಯ ಎರಡರಷ್ಟು ಬಿಸಿಯಲ್ಲ ಎಂದು ನಾವು ಪಿಯುಸಿಯಲ್ಲೇ ಹೇಳಿಕೊಡುತ್ತೇವೆ. ಅಲ್ಲಿ ಡಿಗ್ರಿಗಳ ನಡುವಿನ ಅಂತರವಾದರೂ ಸಮನಾಗಿರುತ್ತದೆ. ನೋವಿನ ಅಂಕಿಗೆ ಆ ಭರವಸೆಯೂ ಇಲ್ಲ. ಅದು ಖನಿಜಗಳ ಗಡಸುತನ ಹೇಳುವ ಮೋಸ್ ಮಾಪಕದಂತೆ ಬರೀ ಮೇಲು-ಕೆಳಗಿನ ಕ್ರಮವನ್ನು ಸೂಚಿಸುತ್ತದೆ. ಮೋಸ್ ಮಾಪಕದಲ್ಲಿ ಯಾರು ಗೀಚಿ ನೋಡಿದರೂ ವಜ್ರವೇ ಮೇಲೆ. ಇಲ್ಲಿ ಒಬ್ಬರ 7 ಇನ್ನೊಬ್ಬರ 4 ಆಗಿರಬಹುದು. ಒಂದು ಮಾತು ಒಪ್ಪಬೇಕು: ಅದೇ ರೋಗಿಯ ನೋವು ಔಷಧಿಯಿಂದ ಇಳಿಯಿತೋ ಇಲ್ಲವೋ ಎಂದು ತಿಳಿಯಲು ಈ ಅಂಕಿ ಉಪಯುಕ್ತ. ಎರಡು ಅಂಕ ಇಳಿದರೆ ಗಣನೀಯವೆಂದೇ ವೈದ್ಯರು ಪರಿಗಣಿಸುತ್ತಾರೆ. ನನ್ನ ತಕರಾರು ಬೇರೆ. ‘ಎಷ್ಟು’ ಎಂದು ಕೇಳಿದವರು ‘ಎಂಥದು’ ಎಂದು ಕೇಳಲಿಲ್ಲ.

ಇದರಲ್ಲಿ ನಮ್ಮ ಪಾಠಗಳ ಪಾಲೂ ಇದೆ. ಚರ್ಮಕ್ಕೆ ಸ್ಪರ್ಶ, ಒತ್ತಡ, ಶಾಖ, ನೋವು ತಿಳಿಯುತ್ತವೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. 17ನೆಯ ಶತಮಾನದಲ್ಲಿ ಡೆಕಾರ್ಟ್ ಕೊಟ್ಟ ಚಿತ್ರ ಗೊತ್ತಲ್ಲ: ಪಾದಕ್ಕೆ ಬೆಂಕಿ ತಾಗಿದರೆ ಒಳಗೊಂದು ದಾರ ಜಗ್ಗಿ ಮಿದುಳಿನಲ್ಲಿ ಗಂಟೆ ಬಾರಿಸಿದಂತೆ. ನಾವು ದಾರದ ಬದಲು ನರ ಎಂದಿದ್ದೇವೆ; ಗಂಟೆ ಹಾಗೇ ಇದೆ.

ಹಾಗಲ್ಲ ಎಂದು ತೋರಿಸಲು ಪ್ರಯೋಗಶಾಲೆ ಬೇಕಿಲ್ಲ, ಎಡವಿದ ಕಾಲ್ಬೆರಳು ಸಾಕು. ಮೊದಲು ಚುರುಕ್ಕೆನ್ನುವ ಚೂಪಾದ ನೋವು. ಒಂದು ಕ್ಷಣ ಬಿಟ್ಟು ಮಂದವಾಗಿ ಹಬ್ಬುವ ಇನ್ನೊಂದು. ಮೊದಲನೆಯದನ್ನು ತೆಳು ಮಯಲಿನ್ ಹೊದಿಕೆಯ ಎ-ಡೆಲ್ಟಾ ತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಒಯ್ಯುತ್ತವೆ. ಎರಡನೆಯದನ್ನು ಹೊದಿಕೆಯಿಲ್ಲದ ಸಿ ತಂತುಗಳು 0.5ರಿಂದ 2 ಮೀಟರ್ ವೇಗದಲ್ಲಿ. ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ಎಂದಿಟ್ಟುಕೊಂಡು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ. ಎಡವಿದವರು ತಕ್ಷಣ ಬೆರಳನ್ನು ಉಜ್ಜಿಕೊಳ್ಳುತ್ತಾರೆ, ನೋವು ತಗ್ಗುತ್ತದೆ. ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ದಾರಿಯನ್ನು ಅರೆಮುಚ್ಚುತ್ತವೆ, ಮಿದುಳೂ ಮೇಲಿನಿಂದ ಆ ಬಾಗಿಲನ್ನು ತೆರೆಯಬಲ್ಲದು, ಮುಚ್ಚಬಲ್ಲದು ಎಂದು 1965ರಲ್ಲಿ ಮೆಲ್‌ಝಾಕ್ ಮತ್ತು ವಾಲ್ ವಾದಿಸಿದರು. ವಿವರಗಳು ಆಮೇಲೆ ತಿದ್ದುಪಡಿಯಾದವು. ನೋವನ್ನು ನರವ್ಯೂಹ ದಾರಿಯಲ್ಲೇ ಸಂಸ್ಕರಿಸುತ್ತದೆ ಎಂಬ ಮುಖ್ಯ ವಿಚಾರ ಉಳಿಯಿತು.

ಗಂಟೆಯ ಮಾದರಿ ಸೋತದ್ದನ್ನು ನಾವು 2006ರಲ್ಲಿ ಕಣ್ಣಾರೆ ಕಂಡಿದ್ದೇವೆ. ಆ ವರ್ಷ ಕರ್ನಾಟಕದಲ್ಲಿ ಚಿಕುನ್‌ಗುನ್ಯಾದ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಆಫ್ರಿಕಾದ ಮಕೊಂಡೆ ಭಾಷೆಯ ಈ ಹೆಸರೇ ನೋವಿನಿಂದ ಮೈ ಬಾಗುವುದನ್ನು ಹೇಳುತ್ತದೆ. ಜ್ವರ ವಾರದಲ್ಲಿ ಬಿಟ್ಟಿತು, ಕೀಲುಗಳ ನೋವು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಬಿಡಲಿಲ್ಲ. ‘ಜ್ವರ ಹೋಯ್ತಲ್ಲ, ಇನ್ನೆಲ್ಲಿಯ ನೋವು?’ ಎಂದು ಮನೆಯವರೇ ಗದರಿದ್ದನ್ನು ಕೇಳಿದ್ದೇನೆ. ಇಂಥವರಲ್ಲಿ ಕೆಲವರಿಗೆ ಕೀಲಿನ ಉರಿಯೂತ ಉಳಿದಿರುತ್ತದೆ, ಕೆಲವರಿಗೆ ನರಗಳೇ ಅತಿಸೂಕ್ಷ್ಮವಾಗಿರುತ್ತವೆ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ.

ಇಂದಿನ ವರ್ಗೀಕರಣ ನಿಂತಿರುವುದು ಇಲ್ಲೇ. ಅಂಗಾಂಶಕ್ಕೆ ಪೆಟ್ಟಾದಾಗ ಬರುವ ನೋವು ಒಂದು. ನರವೇ ಕೆಟ್ಟು ಬರುವ ನೋವು ಇನ್ನೊಂದು. ಅಂಗಾಂಶಕ್ಕಾಗಲಿ ನರಕ್ಕಾಗಲಿ ಆದ ಹಾನಿಯಿಂದ ವಿವರಿಸಲಾಗದೆ, ಸಂಸ್ಕರಣೆಯೇ ಏರುಪೇರಾಗಿ ಬರುವ ಮೂರನೆಯದಕ್ಕೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ನೊಸಿಪ್ಲಾಸ್ಟಿಕ್ ಎಂಬ ಹೆಸರನ್ನು ಒಪ್ಪಿತು. ಒಬ್ಬರಲ್ಲೇ ಇವು ಬೆರೆತಿರುವುದೂ ಉಂಟು. ಇವನ್ನು ಬೇರ್ಪಡಿಸಲು ಮೊದಲ ಸುಳಿವು ರೋಗಿಯ ಮಾತು. ಮೆಲ್‌ಝಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವಿನ 78 ಪದಗಳು 20 ಗುಂಪುಗಳಲ್ಲಿವೆ. ಅವು ಇಂಗ್ಲಿಷಿನವು.

ನಮ್ಮವು ಎಲ್ಲಿ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬರುವ ವಿದ್ಯಾರ್ಥಿಗಳಿಗೆ ಮನೆಯ ಹಿರಿಯರಿಂದ ಕೇಳಿ ಬರೆದು ತನ್ನಿ ಎಂದಿದ್ದೆ. ಉರಿ, ಸಿಡಿತ, ಸೆಳೆತ, ನುಲಿತ, ಛಳುಕು, ಕಡಿತ, ಜೋಮು, ಇರುವೆ ಹರಿದಂತೆ, ಹಿಂಡಿದಂತೆ... ಹಾಳೆ ತುಂಬಿತು. ಇದು ಸಂಶೋಧನೆಯೇನಲ್ಲ, ಮನೆಗೆಲಸ. ಆದರೆ ಈ ಪದಗಳು ಸಡಿಲವಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ. ಹೊಟ್ಟೆ ಸಿಡಿಯಿತು ಎಂದು ಯಾರೂ ಅನ್ನುವುದಿಲ್ಲ. ಮೆಣಸಿನಕಾಯಿ ತಿಂದರೂ ಬೆಂಕಿ ತಾಗಿದರೂ ನಾವು ‘ಉರಿ’ ಎನ್ನುತ್ತೇವೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಗುರುತಿಸಿದ ಟಿಆರ್‌ಪಿವಿ1 ಎಂಬ ಗ್ರಾಹಕ ಕ್ಯಾಪ್ಸೈಸಿನ್‌ಗೂ ಸುಮಾರು 43 ಡಿಗ್ರಿ ಮೀರಿದ ಶಾಖಕ್ಕೂ ತೆರೆದುಕೊಳ್ಳುತ್ತದೆ. ಆ ಕೆಲಸಕ್ಕೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. (ಹೊಟ್ಟೆಯುರಿಗೆ ಗ್ರಾಹಕ ಇನ್ನೂ ಸಿಕ್ಕಿಲ್ಲ.)

ಅತ್ತೆಯ ಚೀಟಿಗೆ ಮರಳುತ್ತೇನೆ. ನರದ ನೋವನ್ನು ಗುರುತಿಸಲು ಡಿಎನ್4 ಎಂಬ ಸರಳ ಸಾಧನವಿದೆ. ಹತ್ತು ಅಂಶಗಳಲ್ಲಿ ನಾಲ್ಕು ಇದ್ದರೆ ನರದ ನೋವೆಂಬ ಗುಮಾನಿ ಬಲವಾಗುತ್ತದೆ. ಉರಿ, ಕರೆಂಟ್ ಹೊಡೆದಂತಾಗುವುದು, ಮರಗಟ್ಟುವುದು ಮೂರೂ ಆ ಪಟ್ಟಿಯಲ್ಲಿವೆ. ಅತ್ತೆ ಮೂರನ್ನೂ ಕೇಳದೆಯೇ ಹೇಳಿದ್ದರು. ಇಂಥ ನೋವಿಗೆ ಸಾಮಾನ್ಯ ನೋವುನಿವಾರಕ ಗುಳಿಗೆ ಅಷ್ಟಾಗಿ ನಾಟುವುದಿಲ್ಲ. ಸಕ್ಕರೆ ಕಾಯಿಲೆಯವರು ಅಂಥ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೂ ಅಪಾಯ. ಇದಕ್ಕೆ ಕೊಡುವ ಔಷಧಗಳೇ ಬೇರೆ. ಸ್ಪರ್ಶ ತಿಳಿಯದ ಪಾದಕ್ಕೆ ಗಾಯವಾದರೆ ಗೊತ್ತೂ ಆಗುವುದಿಲ್ಲ. 7 ಎಂಬ ಅಂಕಿಯಲ್ಲಿ ಇದಾವುದೂ ಇರಲಿಲ್ಲ.

ಊರಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆ, ‘ಕಾಲಿಗೆ ಇರುವೆ ಹರಿದಂಗೂ ಆಯ್ತದೆ ಕಣಪ್ಪ, ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ’ ಎಂದರು. ಅದು ನಾಲ್ಕನೆಯದು. ಮರುವಾರ ನಾಲ್ಕನ್ನೂ ಕಾಗದದ ಮೇಲೆ ಬರೆದುಕೊಂಡು ಇಬ್ಬರೂ ಮತ್ತೆ ಹೋದೆವು.